ಸುಂದ್ರಮ್ಮನ ಮೂರು ಗೆರೆ

ಬೆಳಗಿನ ಜಾವದ ಫಜರ್ ನಮಾಜು ಮುಗಿಸಿ ಬೀದಿಬಾಗಿಲು ತೆಗೆಯುವ ಮೊದಲು ಫರ್ಹಾನಾ ಅದರ ಮೇಲೆ ಕೆತ್ತಿದ ಬಳ್ಳಿಯ ಗುಂಟ ಹೆಬ್ಬೆರಳು ಆಡಿಸುತ್ತಾಳೆ. ಬುಡದಿಂದ ತುದಿಯ ಮೊಗ್ಗಿನವರೆಗೆ, ಬೆರಳು ಎತ್ತದೆ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಹುಣಸೂರಿನ ಆ ಮನೆಯ ಬಾಗಿಲನ್ನು ಕೆತ್ತಿದವರು ಅವಳ ಅಬ್ಬಾ, ಬಡಗಿ ಅಬ್ದುಲ್ ಸತ್ತಾರ್. ಅವರು ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಅವರ ಉಳಿಯ ಆ ಗೆರೆ. ದಿನಾ ತಡವಿ ತಡವಿ ಅದೂ ಸವೆದು ನುಣುಪಾಗುತ್ತಿದೆ. ಆದರೂ ಬಿಡಲು ಮನಸ್ಸು ಬರುವುದಿಲ್ಲ.

ಶಾಲೆಯಲ್ಲಿ ಅವಳು ಡ್ರಾಯಿಂಗ್ ಮಿಸ್. ಟೆಕ್ಸ್ಚರ್ ಅನ್ನಲು ಮಕ್ಕಳ ನಾಲಿಗೆ ಹೊರಳುವುದಿಲ್ಲವೆಂದು ಅವಳು ಅದನ್ನು ‘ಮೈ’ ಅನ್ನುತ್ತಾಳೆ. “ಕಲ್ಲಿಗೂ ಒಂದು ಮೈ ಇದೆ, ಗೋಣಿಚೀಲಕ್ಕೂ ಇದೆ. ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿ. ಕಣ್ಣಿಗೆ ಕಾಣದ್ದೂ ಮೇಲೆ ಬರುತ್ತೆ” ಎಂದು ಆರನೇ ತರಗತಿಗೆ ಪ್ರಾಜೆಕ್ಟ್ ಕೊಟ್ಟಳು. ಮಾತಿನ ನಡುವೆ ತನ್ನ ಬಾಗಿಲು ಸವೆಯುತ್ತಿರುವುದನ್ನೂ ಹೇಳಿದಳು.

ಮಕ್ಕಳು ಒರಳು, ಮೊರ, ಬೇವಿನ ತೊಗಟೆ ತಿಕ್ಕಿ ತಂದರು. ಕಟ್ಟೆಮಳಲವಾಡಿಯ ಪೂಜಾ ತಂದದ್ದು ಅಡುಗೆಮನೆಯ ಮಣ್ಣಿನ ಗೋಡೆ. ಸಾರಿಸಿದ ಕೈಯ ಬಾಗು ಗೆರೆಗಳು ಕಾಗದದ ತುಂಬ, ಮೀನಿನ ಹುರುಪೆಯಂತೆ. ಆದರೆ ಪ್ರತಿ ಬಾಗಿನಲ್ಲೂ ಒಂದು ಗೆರೆ, ಆಮೇಲೆ ಬಯಲು, ಆಮೇಲೆ ಎರಡು ಗೆರೆ.

“ಬಾಚಣಿಗೆ ಅಲ್ಲು ಮುರ್ದೋಗೈತೆ ಕಣ್ಲಾ!” ಎಂದ ರಘು. ತರಗತಿಯೆಲ್ಲ ನಕ್ಕಿತು.

ಪೂಜಾ ನಗಲಿಲ್ಲ. “ಅದು ನಮ್ಮಜ್ಜಿ ಸುಂದ್ರಮ್ಮನ ಕೈ ಮಿಸ್. ಮೇವು ಕತ್ರಿಸೋ ಮಿಷನ್ಗೆ ನಡುಬೆರ್ಳು ಓಗಿತ್ತು.”

“ಚೆನ್ನಾಗಿ ಸಾರಿಸ್ತಾರೆ” ಎಂದಳು ಫರ್ಹಾನಾ.

“ಅಜ್ಜಿ ದೀಪಾವಳೀಲೇ ತೀರೋದ್ಲು ಮಿಸ್. ಗೋಡೆ ಸಾರ್ಸಿದ್ದು ಶಿವರಾತ್ರಿಗೆ.” ಹುಡುಗಿ ಮೇಜಿನತ್ತ ಬಗ್ಗಿ ಪಿಸುಗುಟ್ಟಿದಳು: “ನಮ್ಮಪ್ಪ ಎದ್ರುಕೊಂಡು ಗೋಡೆ ಕೆಡವ್ತೀನಿ ಅಂತಾವ್ನೆ. ನೀವು ಬಂದು ಬ್ಯಾಡ ಅನ್ನಿ.”

ಶನಿವಾರ ಮಧ್ಯಾಹ್ನ ಫರ್ಹಾನಾ ಹೋದಳು. ಪೂಜಾಳ ತಂದೆ ಚನ್ನಬಸವಣ್ಣ ಜಗಲಿಯ ಮೇಲೆ ಪಕ್ಕದಲ್ಲಿ ಹಾರೆ ಇಟ್ಟುಕೊಂಡೇ ಕೂತಿದ್ದ.

“ಬನ್ನಿ ಮೇಡಂ. ಗೆರೆ ವಿದ್ಯೆ ಕಲ್ತೋರು ನೀವು, ನೋಡಿ ಏಳಿ. ಈ ಮಗೀನ ಕಿತಾಪತಿ ಅಂದ್ರೆ ಎಲ್ಡು ಬಾರಿಸ್ತೀನಿ, ಗೋಡೆ ಇರ್ಲಿ. ಅಲ್ಲ ಅಂದ್ರೆ ಈಗ್ಲೇ ಕೆಡವ್ತೀನಿ.”

“ಸಾರಿಸಿದ್ದು ಯಾರು?”

“ಪಕ್ಕದ್ಮನೆ ಪುಟ್ಟತಾಯಮ್ಮ. ಐದು ಬೆರ್ಳೂ ನೆಟ್ಟಗವೆ. ಸಾರ್ಸ್ದಾಗ ಎಲ್ಲಾ ಸರ್ಯಾಗೇ ಇತ್ತು. ಒಣಗ್ತಾ ಒಣಗ್ತಾ ಇಂಗಾಯ್ತು.”

“ಮಣ್ಣೆಲ್ಲಿಂದ ತಂದ್ರಿ?”

ಅವನು ತಲೆ ತಗ್ಗಿಸಿದ. “ಯಾವತ್ತೂ ತರೋ ಒಲದ ಬದೀನಿಂದ್ಲೇ. ಒಳ್ಳೆ ಕೆಮ್ಮಣ್ಣು ಇರೋದು ಅಲ್ಲೇ. ಅವ್ವನ್ನ ಮಣ್ಣು ಮಾಡಿರೋದೂ ಅಲ್ಲೇ ಕಣ್ರೀ. ಅವತ್ತು ಗ್ಯಾನ ಬರ್ಲಿಲ್ಲ.”

ಮೂವರೂ ಒಳಗೆ ಅಡುಗೆಮನೆಗೆ ಹೋದರು, ಅವನು ಹಾರೆಯನ್ನೂ ಜೊತೆಗೆ ತಂದ. ಫರ್ಹಾನಾ ಮನಸ್ಸಿನಲ್ಲೇ ಬಿಸ್ಮಿಲ್ಲಾ ಅಂದುಕೊಂಡು ಗೋಡೆಗೆ ಕಾಗದ ಇಟ್ಟು ತಿಕ್ಕಿದಳು. ಒಂದು, ಬಯಲು, ಎರಡು. ಪೂಜಾಳ ನಡುಬೆರಳು ಮಡಚಿಸಿ ಉಳಿದ ಬೆರಳುಗಳನ್ನು ಗೆರೆಗಳ ಮೇಲಿಟ್ಟು ನೋಡಿದಳು. ಗೆರೆ ಅಗಲ, ಬೆರಳು ಸಣ್ಣದು. ಅದೇ ಜಾಗಕ್ಕೆ ಇನ್ನೊಂದು ಕಾಗದ ಒತ್ತಿ ತಿಕ್ಕಿದಳು. ಮೊದಲಿನದರಲ್ಲಿ ಇಲ್ಲದ ಒಂದು ಬಾಗು ಈ ಸಲ ಮೂಲೆಯಲ್ಲಿ ಎದ್ದಿತ್ತು. ಕಾಗದದ ಬೆನ್ನು ಅಲ್ಲಿ ಮಾತ್ರ ಒದ್ದೆ. ಹಸಿ ಸಗಣಿಯ ವಾಸನೆ. ಅಡುಗೆಮನೆಯಲ್ಲಿ ಅವರು ಮೂವರೇ ಇದ್ದರು.

ಮಗುವಿನ ಕೆಲಸ ಅಂದುಬಿಟ್ಟರೆ ಗೋಡೆ ಉಳಿಯುತ್ತಿತ್ತು. ಪೂಜಾ ಅವಳ ಬಾಯನ್ನೇ ನೋಡುತ್ತಿದ್ದಳು. ಸುಳ್ಳು ನಾಲಿಗೆಗೆ ಬರಲಿಲ್ಲ.

“ಇದು ಮಗು ಕೈಯಲ್ಲ, ಚನ್ನಬಸವಣ್ಣನೋರೇ.”

ಅವನು ಹಾರೆಗೆ ಕೈ ಹಾಕಿದ.

“ಒಂದು ಮಾತು. ನಿಮ್ಮವ್ವ ಇದ್ದಾಗ ಗೋಡೆ ಸಾರಿಸ್ತಿದ್ರೆ ನೀವು ಹೆದರ್ತಿದ್ರಾ?”

“ಎದ್ರೋದಾ? ಅವ್ಳು ಸಾರ್ಸೋವಾಗ ಅಡ್ಡ ಬಂದ್ರೆ ಸಗಣಿ ಕೈನಾಗೇ ಬೆನ್ಗೆ ಬೀಳೋದು!”

“ಈಗ ನೀವು ಹಾರೆ ಹಿಡ್ಕೊಂಡು ಅಡ್ಡ ಬರ್ತಿದ್ದೀರಿ.”

ಅವನು ಹಾರೆಯನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಅಂಗೈಯನ್ನು ಗೋಡೆಗಿಟ್ಟ. ತಣ್ಣಗಿತ್ತೋ ಬೆಚ್ಚಗಿತ್ತೋ, ಹೇಳಲಿಲ್ಲ. “ಇರ್ಲಿ ಬುಡಿ. ಅವ್ಳ ಕೆಲ್ಸವ ಅವ್ಳು ಮುಗುಸ್ಕೊಳ್ಲಿ” ಎಂದು ಹಾರೆಯನ್ನು ಕೊಟ್ಟಿಗೆಗೆ ಒಯ್ದ.

ಬಸ್ಸು ನಿಲ್ಲುವ ಜಾಗದವರೆಗೆ ಪೂಜಾ ಜೊತೆಗೆ ಬಂದಳು. ಖುಷಿಯಲ್ಲಿ ಕುಣಿಯುತ್ತಲೇ ಇದ್ದವಳು ತಟ್ಟನೆ ನಿಂತಳು.

“ಮಿಸ್, ನಿಮ್ಮಪ್ಪಾರ ಬಾಗ್ಲು ಸವೀತಾ ಐತೆ ಅಂದ್ರಲ್ಲ. ಅಜ್ಜಿಗೆ ಏಳ್ಲಾ? ಅಲ್ಲಿ ಅವ್ರು ಸಿಕ್ರೆ, ಒಂದ್ಸಲ ಓಗಿ ಗೆರೆ ತಿದ್ದಿ ಬನ್ನಿ ಅಂತಾಳೆ. ನಾನೇಳಿದ್ರೆ ಕೇಳ್ತಾಳೆ.”

ಫರ್ಹಾನಾಳ ಹೆಬ್ಬೆರಳು ತಾನಾಗಿಯೇ ತೋರುಬೆರಳನ್ನು ತಡವಿತು. ದೂರದಲ್ಲಿ ಬಸ್ಸು ಕಂಡಿತು.

“ಬೇಡ ಕಣಮ್ಮ” ಎಂದಳು. “ಅಬ್ಬಾ ಅಲ್ಲಾಹನ ಹತ್ರ ನೆಮ್ಮದಿಯಾಗಿ ಇದ್ದಾರೆ. ಮಗಳು ಕರೆದಳು ಅಂದ್ರೆ ಬಂದೇಬಿಡ್ತಾರೆ. ಹೇಳಬೇಡ.”