ಆರು ಪ್ರಶ್ನೆಗಳ ವಿಜಯಶ್ರೀ

ಸಿಂಧನೂರಿನಲ್ಲಿ ಬಿ.ಎ. ಪತ್ರಿಕೋದ್ಯಮ ಓದುವ ತುರ್ವಿಹಾಳದ ವಿಜಯಶ್ರೀ, ಮೇಷ್ಟ್ರು ಕಲಿಸಿದ ಆರು ಪ್ರಶ್ನೆಗಳನ್ನು ಕೇಳದೆ ಯಾರನ್ನೂ ಬಿಡುವವಳಲ್ಲ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಬಸ್ಸಿನ ಕಂಡಕ್ಟರನಿಗೂ, ಭತ್ತದ ಗದ್ದೆಗೆ ನುಗ್ಗಿದ ಎಮ್ಮೆಗೂ ಸೌಟನ್ನು ಮೈಕಿನಂತೆ ಹಿಡಿದು ಕೇಳುತ್ತಾಳೆ. "ಸೌಟು ಕೊಡ ಮೊದ್ಲ, ಪಲ್ಯ ಹೊತ್ತಾಕತ್ತೈತಿ!" ಎಂದು ಅವ್ವ ಬೆನ್ನು ಹತ್ತುತ್ತಾಳೆ. ಆದರೆ ನರ್ಸಿಂಗ್ ಓದು ಎಂದಿದ್ದ ಅಪ್ಪ ಮಾತ್ರ ಎರಡು ವರ್ಷದಿಂದ ಮಗಳೊಡನೆ ಮಾತು ಬಿಟ್ಟಿದ್ದಾನೆ. ಹೇಳಬೇಕಾದ್ದನ್ನು ಗೋಡೆಗೆ ಹೇಳಿ ಹೊರಡುತ್ತಾನೆ. ಮೊನ್ನೆ ಪರೀಕ್ಷೆಗೆ ರೈತರೊಬ್ಬರ ಸಂದರ್ಶನ ಬೇಕಾಯಿತು; ಅಪ್ಪನೂ ರೈತನೇ. ಅವಳು ಧೈರ್ಯ ಮಾಡಿ ಅಪ್ಪನ ಬಾಯಿಯ ಮುಂದೆಯೇ ಸೌಟು ಚಾಚಿದಳು: "ತಾವು ಯಾರ್ರಿ?" ಅಪ್ಪ ಟವೆಲ್ ಸರಿಮಾಡಿಕೊಂಡ, ಕೆಮ್ಮಿದ, ನೆಟ್ಟಗೆ ಕೂತ. "ನಾನು ವಿಜಯಶ್ರೀ ಅಪ್ಪ ಅದೀನ್ರಿ," ಎಂದ.