ಹರಳೆಣ್ಣೆ ಕುಡಿದ ಚರ್ಮ

ನಮ್ಮ ದೊಡ್ಡಪ್ಪನ ಹೊಟ್ಟೆಯ ಎಡಬದಿಯಲ್ಲಿ ಎತ್ತಿನ ಕೊಂಬು ಹೊಕ್ಕು ಬಂದ ಗುರುತಿದೆ. ಸ್ನಾನಕ್ಕೆ ಕೂತಾಗ ನೋಡಿದರೆ ಯಾರೋ ದಬ್ಬಣ ಹಾಕಿ ಗೋಣಿಚೀಲ ಹೊಲಿದಂತೆ ಕಾಣುತ್ತದೆ. ಎತ್ತಿಗೆಂದು ಹೊಸದಾಗಿ ತಂದ ಚರ್ಮದ ಗಂಟೆಪಟ್ಟಿ ಮರದ ಹಲಗೆಯ ಹಾಗೆ ಗಡುಸಾಗಿತ್ತಂತೆ. ಅದನ್ನು ಹಾಗೇ ಎತ್ತಿನ ಕೊರಳಿಗೆ ಕಟ್ಟಿದ್ದಾರೆ. ಉಜ್ಜಿ ಉಜ್ಜಿ ಕೊರಳು ಹುಣ್ಣಾಗಿ, ಕೀವು ತುಂಬಿ, ನೊಣ ಮುತ್ತಿವೆ. ಪಟ್ಟಿ ಬಿಚ್ಚೋಣವೆಂದು ಬಗ್ಗಿದವರನ್ನು ಆ ಎತ್ತು, ಅವರೇ ಕೈಯಾರೆ ಮೇವು ತಿನ್ನಿಸಿ ಬೆಳೆಸಿದ ಎತ್ತು, ಗೋಡೆಗೆ ಒತ್ತಿ ತಿವಿದುಬಿಟ್ಟಿತು. ಕರುಳು ಕೈಗೆ ಬಂದಿತ್ತು ಎಂದು ಮನೆಯವರು ಹೇಳುತ್ತಾರೆ. ದೊಡ್ಡಪ್ಪ ಮಾತ್ರ ಈಗಲೂ ಎತ್ತಿನ ಪರವೇ. "ತಪ್ಪು ಎತ್ತಿಂದಲ್ಲ ಕಣ್ಲಾ, ಚರ್ಮದ್ದು" ಎನ್ನುತ್ತಾರೆ.

ಅಂದಿನಿಂದ ಕೋಡಿಹಳ್ಳಿಯ ನಮ್ಮ ಮನೆಗೆ ಚರ್ಮದ್ದು ಏನೇ ಬರಲಿ, ಎತ್ತಿನ ಪಟ್ಟಿಯಾಗಲಿ, ಚಪ್ಪಲಿಯಾಗಲಿ, ನನ್ನ ಮದುವೆಯ ಬೆಲ್ಟಾಗಲಿ, ಮೊದಲು ಹರಳೆಣ್ಣೆ ಕುಡಿಯಬೇಕು. ಎಣ್ಣೆ ಬೆಚ್ಚಗೆ ಮಾಡಿ ಹಚ್ಚುವುದು, ಹೆಬ್ಬೆರಳಲ್ಲಿ ತೀಡುವುದು, ಬಿಸಿಲಿಗಿಡುವುದು, ಮತ್ತೆ ಹಚ್ಚುವುದು. ಕಿವಿಯ ಹಾಲೆಯಷ್ಟು ಮೆತ್ತಗಾದ ಮೇಲೆಯೇ ಅದು ಗೋಡೆಯ ಗೂಟ ಹತ್ತುವುದು. ಆ ಎಣ್ಣೆ ಮುಂದೊಂದು ದಿನ ನನ್ನ ತಂಗಿಯ ಕಾಲಿಗೆ ಗುಂಡು ಹೊಡೆಯುತ್ತದೆಂದು ಯಾರಿಗೆ ಗೊತ್ತಿತ್ತು.

ತಂಗಿ ಚನ್ನಪಟ್ಟಣದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಮೊದಲು ಕಬಡ್ಡಿ ಆಡುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಹಿಡಿದದ್ದು ಕೌಬಾಯ್ ಶೂಟಿಂಗು. ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡದ ಬುಡದಲ್ಲಿ ಒಬ್ಬರು ತಮ್ಮ ಮಾವಿನ ತೋಟದೊಳಗೆ ಈ ಆಟ ಆಡಿಸುತ್ತಾರೆ. ತಲೆಗೆ ಅಗಲದ ಟೋಪಿ, ಸೊಂಟಕ್ಕೆ ದಪ್ಪ ಬೆಲ್ಟು, ಬೆಲ್ಟಿನಲ್ಲಿ ತೂಗುವ ಚರ್ಮದ ಹೋಲ್‌ಸ್ಟರು, ಅದರೊಳಗೆ ಗ್ಯಾಸಿನ ಬಲದಿಂದ ಸಿಡಿಯುವ ರಿವಾಲ್ವರು. ಗುಂಡೆಂದರೆ ಕಡಲೆಕಾಳಿಗಿಂತ ಸಣ್ಣ ಸೀಸದ ಚೂರು. ಸಣ್ಣದೆಂದು ಸಲುಗೆ ತೋರಿಸುವಂತಿಲ್ಲ, ಹತ್ತಿರದಿಂದ ಬಿದ್ದರೆ ಮಾಂಸ ಹೊಗುತ್ತದೆ. ಗಂಟೆ ಬಾರಿಸಿದೊಡನೆ ಸೆಳೆದು ಎದುರಿನ ತಗಡುಗಳನ್ನು ಉರುಳಿಸಬೇಕು, ಅಷ್ಟೇ ಆಟ. ನನ್ನ ತಂಗಿ ಸೆಳೆಯುವುದು ಕಣ್ಣಿಗೆ ಕಾಣುವುದಿಲ್ಲ. ತಗಡು ಬಿದ್ದ ಸದ್ದು ಕೇಳಿದ ಮೇಲೆ, ಓ, ಹೊಡೆದಳು ಎಂದು ತಿಳಿಯುತ್ತದೆ.

ಅವಳ ಗಂಡ, ನಮ್ಮ ಭಾವ, ಅಕ್ಕೂರಿನಲ್ಲಿ ರೇಷ್ಮೆ ಹುಳು ಸಾಕುವವರು. ಅವರಿಗೆ ಈ ಆಟ ಮೊದಲ ದಿನದಿಂದಲೂ ಸರಿಬಂದಿರಲಿಲ್ಲ. ಬೇಡ ಎನ್ನಲೂ ಬಾಯಿ ಬಾರದೆ ಒಂದು ಷರತ್ತು ಹಾಕಿದರು.

"ಆಡ್ಕೊ, ನಾನೇನ್ ಅಡ್ಡ ಬರಾಕಿಲ್ಲ. ಆದ್ರೆ ಅದ್ರಿಂದ ಒಂದ್ ತೊಟ್ಟು ರಕ್ತ ಬಿತ್ತೋ, ಅವತ್ತಿಗೆ ಮುಗೀತು. ಆ ಚೀಲ ಮಾತ್ರ ಇವತ್ತಿಂದ್ಲೇ ನಮ್ಮಟ್ಟೀಲಿ ನೇತಾಕಂಗಿಲ್ಲ."

ತಂಗಿ ಒಪ್ಪಿದಳು. ಹೀಗಾಗಿ ಬೆಲ್ಟು, ರಿವಾಲ್ವರು, ಟೋಪಿ ಎಲ್ಲವೂ ಕೋಡಿಹಳ್ಳಿಯ ತವರುಮನೆಗೆ ಬಂದು, ದೊಡ್ಡಪ್ಪನ ಗಂಟೆಪಟ್ಟಿಗಳ ಪಕ್ಕದ ಗೂಟದಲ್ಲಿ ಕೂತವು.

ಅವಳ ಮೊದಲಿನ ಹೋಲ್‌ಸ್ಟರು ರೆಕ್ಸಿನ್ನಿನದು. ಅದರ ಹೊಲಿಗೆ ಬಿಟ್ಟುಕೊಂಡಾಗ ತಂಗಿ, ದೊಡ್ಡಪ್ಪ, ನಾನು ಮೂವರೂ ರಾಮನಗರದ ಹಳೇ ಹೆದ್ದಾರಿಯ ಬದಿಯ ಅಂಗಡಿಗೆ ಹೋದೆವು. ಅಲ್ಲಿ ಕುದುರೆ ಜೀನು, ಬೆಲ್ಟು, ಬಂಡೆಗುಡ್ಡಕ್ಕೆ ಬರುವ ಸಿನಿಮಾದವರಿಗೆ ಬೇಕಾದ ಚರ್ಮದ ಸಾಮಾನು ಹೊಲಿದುಕೊಡುತ್ತಾರೆ. ತಂಗಿ ಒಂದೊಂದನ್ನೇ ಎತ್ತಿ ಬಾಯಿಯೊಳಗೆ ಮುಷ್ಟಿ ತೂರಿಸಿ ಹೊರಗಿನಿಂದ ಅಮುಕಿದಳು. ಬಾಯಿ ಮುದುಡಿದ್ದನ್ನು ಪಕ್ಕಕ್ಕಿಟ್ಟಳು. ಮುದುಡದೆ ಉಳಿದದ್ದರೊಳಗೆ ಖಾಲಿ ರಿವಾಲ್ವರು ಇಳಿಸಿ ತಲೆಕೆಳಗು ಮಾಡಿದಳು. ಜಾರಿ ಬಿದ್ದರೆ ಅದೂ ಪಕ್ಕಕ್ಕೆ. ಟ್ರಿಗರ್ ಪೂರ್ತಿ ಮುಚ್ಚುತ್ತದೆಯೇ, ಅಂಚಿನ ಹೊಲಿಗೆ ಜೋಡಿ ಹೊಲಿಗೆಯೇ ಎಂದು ಉಗುರಿನಿಂದ ಕೆರೆದು ನೋಡಿದಳು. ಕೊನೆಗೆ ಉಳಿದದ್ದು ಕಂದು ಬಣ್ಣದ ಒಂದೇ ಒಂದು. ದೊಡ್ಡಪ್ಪ ಅದನ್ನು ತೆಗೆದುಕೊಂಡು ಹೆಬ್ಬೆರಳಲ್ಲಿ ಒತ್ತಿದರು. ಮುಖ ಕಿವುಚಿದರು.

"ಇದೇನವ್ವ, ಕೊರಡು ಇದ್ದಂಗೈತೆ. ಸೊಂಟ ಕಿತ್ತೋಯ್ತದೆ."

"ಸೊಂಟ ನಂದು ದೊಡ್ಡಪ್ಪ, ಎತ್ತಿಂದಲ್ಲ."

"ಎತ್ತಾಗಿದ್ರೆ ನಿನ್ನಂಗೆ ಹಟ ಮಾಡ್ತಿರ್ಲಿಲ್ಲ ಬುಡು."

"ಇದು ಗಟ್ಟಿಯಾಗೇ ಇರ್ಬೇಕು. ನಾನು ಬೇರೆ ಕಡೆ ನೋಡ್ತಾ ಕೈ ಹಾಕಿದ್ರೂ ಬಾಯಿ ಬಿಟ್ಕೊಂಡು ಕಾಯ್ತಿರ್ಬೇಕು."

ದೊಡ್ಡಪ್ಪ ಸುಮ್ಮನಾದರು. ಅವರು ಸುಮ್ಮನಾದರೆಂದರೆ ಒಪ್ಪಿದರು ಎಂದಲ್ಲ. ಅದು ನಮಗೆ ಹೊಳೆಯಬೇಕಿತ್ತು.

ಪಂದ್ಯದ ಬೆಳಿಗ್ಗೆ ತಂಗಿ ಕೋಡಿಹಳ್ಳಿಗೆ ಬಂದು ಬೆಲ್ಟು ಕೆಳಗಿಳಿಸಿದಾಗ ಹೋಲ್‌ಸ್ಟರು ಎಣ್ಣೆ ನೀರು ಹಾಕಿಸಿಕೊಂಡ ಬಾಣಂತಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. "ಒಸಿ ಮುಟ್ ನೋಡು ಮಗ, ಬೆಣ್ಣೆ ಆಗೈತೆ." ಅವಳು ಮುಟ್ಟಿ ನೋಡಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆ ಮುದುಕರ ಮುಖದಲ್ಲಿದ್ದ ಸಂಭ್ರಮ ಕಂಡು ಬೇಡವೆನ್ನಲು ಮನಸ್ಸಾಗದೆ ಸೊಂಟಕ್ಕೆ ಕಟ್ಟಿಕೊಂಡಳು. ತಾವು ಹದ ಮಾಡಿದ ಚರ್ಮದ ಆಟ ನೋಡಬೇಕೆಂದು ದೊಡ್ಡಪ್ಪನೂ ಪಂಚೆ ಬದಲಾಯಿಸಿ ಹೊರಟುಬಂದರು.

ತೋಟದಲ್ಲಿ ಅಂದು ಬೆಳಗಿನಿಂದಲೇ ಗಾಳಿ ಸರಿಯಿರಲಿಲ್ಲ. ಬೆಂಗಳೂರಿನಿಂದ ಬಂದ ಎರಡು ತಂಡದವರು ಒಬ್ಬರನ್ನೊಬ್ಬರು ಕೆಣಕುತ್ತಲೇ ಇದ್ದರು. ತಂಗಿ ತನ್ನ ಸಾಲಿನಲ್ಲಿ ನಿಂತು ಠಣ್ ಠಣ್ ಎಂದು ತಗಡು ಉರುಳಿಸುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಜಗಳ ಹತ್ತಿತು. ತಗಡು ಗುಂಡಿಗೆ ಬಿತ್ತೋ ಗಾಳಿಗೆ ಬಿತ್ತೋ ಎಂಬ ಮಾತು. ಒಬ್ಬ ಇನ್ನೊಬ್ಬನ ಟೋಪಿ ಕಿತ್ತು ತುಳಿದ. ತುಳಿಸಿಕೊಂಡವನು ಹಣೆಯಿಂದಲೇ ಅವನ ಮೂಗಿಗೆ ಗುದ್ದಿದ. ಮೂಳೆ ಮುರಿದ ಲಟಕ್ಕೆನ್ನುವ ಸದ್ದು ನಮಗೆ ಕೇಳಿತು. ಬಿಳಿಯಂಗಿ ನೋಡುನೋಡುತ್ತಲೇ ಕೆಂಪಾಯಿತು. ಮೂರನೆಯವನೊಬ್ಬ ಕಬ್ಬಿಣದ ಮಡಚುಕುರ್ಚಿ ಎತ್ತಿ ಕಂಡವರ ಬೆನ್ನಿಗೆ ಬೀಸತೊಡಗಿದ. ಕೆಳಗೆ ಬಿದ್ದವನ ಪಕ್ಕೆಗೆ ಬೂಟುಗಾಲಿನ ಒದೆ ಬೀಳುತ್ತಿತ್ತು, ಪ್ರತಿ ಒದೆಗೂ ಅವನ ಬಾಯಿಂದ ಗಾಳಿ ತೆಗೆದ ಟ್ಯೂಬಿನಂಥ ಸದ್ದು. ತೋಟದವರು ಆಟ ನಿಲ್ಲಿಸಲು ಸೀಟಿ ಊದಿದರು.

ತಂಗಿ ಮುಂದಿನ ಗುಂಡಿಗೆಂದು ರಿವಾಲ್ವರಿನ ಹ್ಯಾಮರ್ ಹಿಂದಕ್ಕೆಳೆದಾಗಿತ್ತು, ಇನ್ನು ಟ್ರಿಗರ್ ಮುಟ್ಟಿದರೆ ಸಾಕು. ಅಷ್ಟರಲ್ಲಿ ಕುರ್ಚಿಯೊಂದು ಅವಳ ಕಡೆಗೇ ಹಾರಿಬಂತು. ಕುರ್ಚಿಯ ಮೇಲೆ ಕಣ್ಣಿಟ್ಟು, ಪಕ್ಕಕ್ಕೆ ಜಿಗಿಯುತ್ತ, ರಿವಾಲ್ವರನ್ನು ಹೋಲ್‌ಸ್ಟರಿಗೆ ತುರುಕಿದಳು. ಬಾಯಿ ಬಿಟ್ಟುಕೊಂಡು ಕಾಯಬೇಕಿದ್ದ ಚರ್ಮ ಬೆಣ್ಣೆಯಾಗಿತ್ತಲ್ಲ. ಅದರ ಅಂಚು ಒಳಕ್ಕೆ ಮಡಚಿ, ನಾಲಿಗೆಯ ಹಾಗೆ ಟ್ರಿಗರಿನ ಸಂದಿಗೆ ಹೊಕ್ಕಿತು. ಅವಳು ರಿವಾಲ್ವರನ್ನು ಇನ್ನೂ ಕೆಳಕ್ಕೆ ಒತ್ತಿದಳು. ಪಟ್ ಎಂದಿತು.

ಅವಳು ಬಲಗಾಲಿನ ಮೀನಖಂಡ ಹಿಡಿದುಕೊಂಡು ಕೂತಳು. ಪ್ಯಾಂಟಿನಲ್ಲಿ ಸಣ್ಣದೊಂದು ತೂತು, ಅದರ ಸುತ್ತ ಹರಡುತ್ತಿದ್ದ ರಕ್ತ. ಬೆರಳ ಸಂದಿಯಿಂದ ಇಳಿದು ಬಿಳಿಯ ಷೂ ಒಳಗೆ ಹೋಗುತ್ತಿತ್ತು.

"ಅಣ್ಣ, ಮುಗೀತು" ಎಂದಳು. ಅವಳು ಹೇಳಿದ್ದು ಕಾಲಿನ ಮಾತಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಚಿಮಟ ಒಳಗೆ ಬಿಟ್ಟು ಹುಡುಕುತ್ತ, "ಯಾರಮ್ಮ ಹೊಡೆದದ್ದು?" ಎಂದರು.

"ನಾನೇ ಸಾರ್."

"ಯಾರಿಗೆ ಹೊಡೆಯಕ್ಕೆ ಹೋಗಿದ್ದೆ?"

"ತಗಡಿಗೆ."

ಸೀಸದ ಚೂರು ತಟ್ಟೆಗೆ ಬಿದ್ದು ಟಿಣ್ ಎಂದಿತು. ಹೊರಗಿನ ಬೆಂಚಿನ ಮೇಲೆ ದೊಡ್ಡಪ್ಪ ರಕ್ತ ಮೆತ್ತಿದ ಹೋಲ್‌ಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಒತ್ತಿದಾಗಲೆಲ್ಲ ಅಂಚು ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಅವರ ಇನ್ನೊಂದು ಕೈ ತಮ್ಮ ಹೊಟ್ಟೆಯ ಹಳೆಯ ಗಾಯದ ಮೇಲಿತ್ತು.

"ಭಾವನಿಗೆ ಮುಳ್ಳು ತಗುಲ್ತು ಅನ್ನಾನ" ಎಂದು ನಾನು ದಾರಿಯಲ್ಲಿ ಹೇಳಿದೆ. ತಂಗಿ ಬೇಡವೆಂದಳು. "ಮಾತು ಮಾತೇ ಕಣಣ್ಣ. ಒಪ್ಕಂಡಿದ್ದೀನಿ."

ಅಕ್ಕೂರಿಗೆ ತೋಟದವರ ಜೀಪಿನಲ್ಲಿ ಹೋದೆವು. ಭಾವ ಹಿತ್ತಲಿನಲ್ಲಿ ಹಿಪ್ಪುನೇರಳೆಯ ಹಳೆಯ ಬುಡಗಳನ್ನು ಸೌದೆಗೆ ಸೀಳುತ್ತಿದ್ದರು. ಹೆಂಡತಿಯ ಕಾಲಿನ ಬ್ಯಾಂಡೇಜು ಕಂಡರು. ನನ್ನ ಹೆಗಲ ಮೇಲಿದ್ದ ಬೆಲ್ಟು ಕಂಡರು. ಬೆಲ್ಟನ್ನು ಕಿತ್ತುಕೊಂಡು ರಿವಾಲ್ವರನ್ನು ಮಣ್ಣಿಗೆ ಎಸೆದು ಹೋಲ್‌ಸ್ಟರನ್ನು ಮರದ ತುಂಡಿನ ಮೇಲೆ ಹಾಸಿದರು.

"ಅಳಿಯಂದ್ರೆ, ತಡೀರಿ" ಎಂದರು ದೊಡ್ಡಪ್ಪ. "ಹುಡ್ಗೀದೇನೂ ತಪ್ಪಿಲ್ಲ. ಆಟದ್ದೂ ಇಲ್ಲ. ಅದ್ಕೆ ಎಣ್ಣೆ ಕುಡಿಸ್ದೋನು ನಾನು."

"ನೀವ್ ಸುಮ್ಕಿರಿ ಮಾವ. ರಕ್ತ ಬಿದ್ರೆ ಮುಗೀತು ಅಂದಿದ್ದೆ."

ಕೊಡಲಿ ಬಿತ್ತು. ಒಣ ಚರ್ಮವಾಗಿದ್ದರೆ ಎರಡು ಹೋಳಾಗುತ್ತಿತ್ತೇನೋ. ಇದು ತಗ್ಗಿ, ಜಾರಿ, ಮೀನಿನ ಹಾಗೆ ಪಕ್ಕಕ್ಕೆ ಹಾರಿತು. ಭಾವನಿಗೆ ಇನ್ನೂ ರೇಗಿತು. ಮತ್ತೆ ತಂದು ಹಾಸಿ, ಅಲ್ಲಾಡದಂತೆ ಬರಿಗಾಲಿನಿಂದ ತುಳಿದುಕೊಂಡು, ಹಲ್ಲು ಕಚ್ಚಿ ಬೀಸಿದರು. ಅಲಗು ಎಣ್ಣೆಚರ್ಮದ ಮೇಲೆ ಜಾರಿಕೊಂಡು ಬಂದು ಅವರ ಕಾಲಿನ ಹೆಬ್ಬೆರಳಿಗೆ ಕೂತಿತು. ಉಗುರು ಸೀಳಿ ಒಳಗಿನ ಬಿಳಿ ಒಂದು ಕ್ಷಣ ಕಂಡಿತು. ಆಮೇಲೆ ರಕ್ತ ಚಿಮ್ಮಿ ಸೌದೆಯ ಮೇಲೆಲ್ಲ ಬಿತ್ತು. ಕೊಡಲಿ ಬಿಟ್ಟು ಅಲ್ಲೇ ಕುಸಿದರು.

ತಂಗಿ ಕುಂಟುತ್ತ ಹೋಗಿ, ತಲೆಗೆ ಸುತ್ತಿದ್ದ ಅವರ ಟವೆಲ್ಲನ್ನೇ ಬಿಚ್ಚಿ, ಬೆರಳಿಗೆ ಬಿಗಿದು ಕಟ್ಟಿದಳು. ಇಬ್ಬರ ರಕ್ತವೂ ಅವಳ ಕೈಯ ಮೇಲಿತ್ತು.

"ಈಗೇನು, ಕೊಡ್ಲಿದೂ ಇವತ್ತಿಗೆ ಮುಗೀತಾ?" ಎಂದು ಕೇಳಿದಳು.

ಭಾವ ಹಲ್ಲು ಕಚ್ಚಿಕೊಂಡೇ ಹೇಳಿದರು: "ಕೊಡ್ಲಿ ಏನ್ ಮಾಡ್ತು? ಆ ದರಿದ್ರದ ಎಣ್ಣೆ ಜಾರುಸ್ಬುಟ್ತು."

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೆಂದು ಕಾಣುತ್ತದೆ.

"ಅದ್ನೇ ಕಣಪ್ಪ ನಾನು ಆಗ್ಲಿಂದ ಹೇಳ್ತಿರೋದು" ಎಂದರು ದೊಡ್ಡಪ್ಪ.

ಭಾವ ಯಾರನ್ನೂ ನೋಡದೆ ಮಣ್ಣಿನಲ್ಲಿ ಬಿದ್ದಿದ್ದ ರಿವಾಲ್ವರಿನ ಕಡೆ ನನಗೆ ಕೈ ತೋರಿಸಿದರು. "ಏನ್ಲಾ ನೋಡ್ತಾ ನಿಂತಿದ್ದೀಯ, ಎತ್ತಿಕ್ಲಾ ಅದ್ನ. ತುಕ್ಕು ಹಿಡೀತದೆ."

ಗಾಯಗಳು ಮಾಗಿದ ಮೇಲೆ ಮತ್ತೆ ಅದೇ ಅಂಗಡಿಗೆ ಹೋದೆವು. ಈ ಸಲ ಭಾವನೂ ಬಂದರು, ಹೆಬ್ಬೆರಳಿಗೆ ತೂತು ಮಾಡಿದ ಕ್ಯಾನ್ವಾಸ್ ಷೂ ಹಾಕಿಕೊಂಡು. ದೊಡ್ಡಪ್ಪ ಒಳಗೆ ಬರಲಿಲ್ಲ, ಕೈ ಹಿಂದೆ ಕಟ್ಟಿ ಬಾಗಿಲಲ್ಲೇ ನಿಂತರು. ತಂಗಿ ಆರಿಸಿದ ಹೋಲ್‌ಸ್ಟರನ್ನು ಭಾವ ತೆಗೆದುಕೊಂಡು, ಅದರ ಬಾಯಿಯ ಮೇಲೆ ಮುಷ್ಟಿ ಕಟ್ಟಿ ಗುದ್ದಿದರು. ಅಂಗಡಿಯವನು ಬೆಚ್ಚಿಬಿದ್ದ. ಇನ್ನೂ ಒಂದು ಗುದ್ದಿದರು. ಗೆಣ್ಣು ಕೆಂಪಾಯಿತು, ಚರ್ಮದ ಬಾಯಿ ಮುದುಡಲಿಲ್ಲ.

"ಇದಾಯ್ತದೆ" ಎಂದರು.

ಹಳೆಯದನ್ನು ದೊಡ್ಡಪ್ಪ ಬಿಚ್ಚಿ ಪಟ್ಟಿಯಾಗಿ ಕುಯ್ದು ಎತ್ತಿನ ಕೊರಳಿಗೆ ಗಂಟೆ ಕಟ್ಟಿದ್ದಾರೆ. ಕೊಡಲಿಯ ಗುರುತು ಅದರ ಮೇಲೆ ಇನ್ನೂ ಇದೆ, ಎತ್ತಿನ ಕೊರಳಿನ ಒಂದು ಕೂದಲೂ ಉದುರಿಲ್ಲ. ಹೊಸದನ್ನು ಅಂದು ಅಂಗಡಿಯಲ್ಲಿ ನಾನು ಎಂದಿನಂತೆ ಕೋಡಿಹಳ್ಳಿಗೆ ಒಯ್ಯಲು ಕೈ ಚಾಚಿದಾಗ ಭಾವ ಅದನ್ನು ತಮ್ಮ ಕಂಕುಳಿಗೆ ಸೇರಿಸಿಕೊಂಡರು.

"ನಮ್ಮಟ್ಟೀಲೆ ನೇತಾಕ್ತೀನಿ ಬುಡು" ಎಂದರು. "ನಿಮ್ಮಟ್ಟೀಲಿ ಎಣ್ಣೆ ಐತೆ."