ಹಿರಿಸೊಸೆಯ ಸೀರೆ ಅಂಚು

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಲಕ್ಷ್ಮೀದೇವಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸೀರೆ ಮಾರುತ್ತಿದ್ದರು. ಬೋರ್ಡು ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಚಿಕ್ಕಪೇಟೆಯ ಸಗಟು ಅಂಗಡಿಗಳಿಂದ ಗಂಟು ತಂದು ಆರಂಭಿಸಿದ ವ್ಯಾಪಾರ. ಕ್ರಮೇಣ ಅದನ್ನು ನಡೆಸತೊಡಗಿದ್ದು ಟೀವಿ. ಸಂಜೆಯ ಧಾರಾವಾಹಿಯಲ್ಲಿ ಹಿರಿಸೊಸೆ ಉಟ್ಟ ಸೀರೆಯೇ ಮರುದಿನ ಹೆಂಗಸರಿಗೆ ಬೇಕು. "ನಿನ್ನೆ ಅವಳು ಉಟ್ಟಿದ್ಳಲ್ಲ, ಅದೇ ಥರದ್ದು" ಎಂದರೆ ಸಾಕು, ಲಕ್ಷ್ಮೀದೇವಮ್ಮ ಹುಡುಕಿ ತರುತ್ತಿದ್ದರು.

ಹಾಗೆಂದು ಅವರು ಕಥೆ ನೋಡುತ್ತಿರಲಿಲ್ಲ. ಯಾರು ಯಾರ ಮಗ ಎಂಬುದೂ ಅವರಿಗೆ ತಿಳಿಯದು. ಯಾರಾದರೂ ಅಳಲಿ ಎಂದು ಕಾಯುತ್ತಿದ್ದರು. ಅತ್ತರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಆಗ ಸೆರಗು ಹತ್ತಿರದಿಂದ ಕಾಣುತ್ತದೆ.

ಅನುಮಾನ ಅವರ ಕಸುಬಿನ ಭಾಗವೇ ಆಗಿತ್ತು. ಒಂದು ಎಳೆ ಕಿತ್ತು, ಸುಟ್ಟು, ಮೂಸಿ ನೋಡದೆ ಯಾವ ಸೀರೆಯನ್ನೂ ರೇಷ್ಮೆ ಎಂದು ಒಪ್ಪುತ್ತಿರಲಿಲ್ಲ. ತರಕಾರಿಯವನ ತಕ್ಕಡಿ, ಆಟೋದ ಮೀಟರು, ಗಾಂಧಿ ಬಜಾರಿನ ಟೀವಿ ಅಂಗಡಿಯಲ್ಲಿ ಕೆಲಸಕ್ಕಿದ್ದ ತಂಗಿಯ ಮಗ ಮಂಜುನಾಥನ ಮಾತು, ಎಲ್ಲಕ್ಕೂ ಅಂಥದ್ದೇ ಪರೀಕ್ಷೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ವರ್ಷ, ಪಕ್ಕದ ಬೀದಿಯ ಶೈಲಜಮ್ಮನವರ ಮಗಳು ನಂದಿತಾಳ ಮದುವೆ ಗೊತ್ತಾಯಿತು. ಮಗಳ ಆರತಕ್ಷತೆಗೆ ತಾವು ಉಡಲು ಹಿರಿಸೊಸೆಯ ಹಸಿರು ಸೀರೆಯಂಥದ್ದು ಬೇಕು ಎಂದರು ಶೈಲಜಮ್ಮ. ಅದು ಸರಿಹೋದರೆ ನೆಂಟರಿಗೆಲ್ಲ ಕೊಡುವ ಸೀರೆಗಳೂ ಇಲ್ಲೇ. ಲಕ್ಷ್ಮೀದೇವಮ್ಮನಿಗೆ ವರ್ಷದಲ್ಲಿ ಅಷ್ಟು ದೊಡ್ಡ ವ್ಯಾಪಾರ ಇನ್ನೊಂದು ಬರುವುದಿಲ್ಲ. ಅವರು ತಂದು ಹರಡಿದ್ದು ಹಸಿರು ಒಡಲು, ದುಂಡು ಮಣಿ ಪೋಣಿಸಿದಂಥ ಕೆಂಪು ರುದ್ರಾಕ್ಷಿ ಅಂಚು.

"ಇದಲ್ಲ ಲಕ್ಷ್ಮೀದೇವಮ್ನೋರೇ. ಅವಳ ಸೀರೇಲಿ ಚೂಪು ಚೂಪು ಗೋಪುರದ ಅಂಚಿತ್ತು."

"ರುದ್ರಾಕ್ಷಿ ಕಣ್ರೀ. ನಾನೇ ನೋಡಿದೀನಿ."

"ನಾನೇನು ಕಣ್ಣು ಮುಚ್ಕೊಂಡಿದ್ನಾ? ಬಿಡಿ, ದೊಡ್ಡ ಅಂಗಡಿಗೇ ಹೋಗ್ತೀವಿ."

"ಎರಡು ದಿನ ತಡೀರಿ ಶೈಲಜಮ್ಮ. ಸೀರಿಯಲ್‌ನ ಮದುವೆಮನೆ ಸೀನು ಇನ್ನೂ ಮುಗಿದಿಲ್ಲ. ಅದೇ ಸೀರೇಲೇ ಇರ್ತಾಳೆ."

ವಿಷಯ ತಿಳಿದು ಮಂಜುನಾಥ ಆ ಸಂಜೆಯೇ ಬಂದ. "ದೊಡ್ಡಮ್ಮ, ತಪ್ಪು ನಿಮ್ದಲ್ಲ, ನಿಮ್ಮ ಟೀವೀದು. ಈಗ ಎಚ್‌ಡಿ ಬಂದಿದೆ. ಹೊಸ ಟೀವಿ, ಹೊಸ ಸೆಟ್‌ಟಾಪ್ ಪೆಟ್ಟಿಗೆ ಹಾಕಿಸ್ಕೊಳ್ಳಿ. ಸೀರೆ ಎಳೆ ಎಳೆ ಎಣಿಸ್ಬೋದು."

"ನಿಂಗೆ ಕಮಿಷನ್ ಎಷ್ಟೋ?"

"ನಿಮ್ಗೆ ಮಾರಿ ಕಮಿಷನ್ ತಗೊಳ್ತೀನಾ ದೊಡ್ಡಮ್ಮ?"

"ತಗೊಳಲ್ಲ ಅಂತ ಹೇಳ್ಲಿಲ್ವಲ್ಲ ನೀನು."

ಆದರೂ ಆರ್ಡರು ಕೈತಪ್ಪುವ ಭಯ ದೊಡ್ಡದಿತ್ತು. ಮರುದಿನ ಸಂಜೆ ಅವರು ಶೈಲಜಮ್ಮನನ್ನೂ ಕರೆದುಕೊಂಡು ಮಂಜುನಾಥನ ಟೀವಿ ಅಂಗಡಿಗೆ ಹೋದರು. ಗೋಡೆಯಗಲದ ಟೀವಿಯಲ್ಲಿ ಜಲಪಾತ ಧುಮುಕುತ್ತಿತ್ತು. ಆಮೇಲೆ ಒಂದು ಗಿಣಿ ಬಂತು. ಅದರ ಒಂದೊಂದು ಗರಿಯೂ ಬೇರೆಬೇರೆಯಾಗಿ ಕಾಣುತ್ತಿತ್ತು. ಶೈಲಜಮ್ಮ ಬಾಯಿಬಿಟ್ಟುಕೊಂಡು ನೋಡಿದರು.

"ಈ ಗಿಣಿ ಯಾವ ಸೀರೆ ಉಟ್ಟಿದ್ಯೋ?" ಎಂದರು ಲಕ್ಷ್ಮೀದೇವಮ್ಮ. "ಸೀರಿಯಲ್ ಹಾಕು."

"ಇದು ಡೆಮೋ ದೊಡ್ಡಮ್ಮ. ಕ್ವಾಲಿಟಿ ಗೊತ್ತಾಗ್ಲಿ ಅಂತ..."

"ಗಂಟಲ್ಲಿ ಮೇಲಿಟ್ಟಿರೋ ಸೀರೆ ಯಾವಾಗ್ಲೂ ಚೆನ್ನಾಗೇ ಇರುತ್ತೆ. ಕೆಳಗಿಂದು ತೆಗಿ."

ಮಂಜುನಾಥ ಚಾನೆಲ್ ಬದಲಿಸಿದ. ಹಿರಿಸೊಸೆ ಬಂದಳು. ಚಿತ್ರ ಅಗಲಕ್ಕೆ ಎಳೆದುಕೊಂಡು ಅವಳು ಒಮ್ಮೆಲೇ ದಪ್ಪಗಾಗಿದ್ದಳು. ಅಂಚಿನ ಜಾಗದಲ್ಲಿ ಕೆಂಪು ಚೌಕಗಳು ನಡುಗುತ್ತಿದ್ದವು. ಮನೆಯ ಟೀವಿಯಲ್ಲಿ ಚಿಕ್ಕದಾಗಿದ್ದ ಮಸುಕು ಇಲ್ಲಿ ದೊಡ್ಡದಾಗಿತ್ತು, ಅಷ್ಟೇ.

"ಕನ್ನಡ ಚಾನೆಲ್‌ನೋರು ಇನ್ನೂ ಎಚ್‌ಡೀಲಿ ಕಳಿಸ್ತಿಲ್ಲ" ಎಂದ ಮಂಜುನಾಥ, ರಿಮೋಟ್ ನೋಡುತ್ತ. "ಮುಂದೆ ಬರುತ್ತೆ."

ಅವನು ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದ. ಕಳಿಸುವ ಚಿತ್ರದಲ್ಲೇ ಇಲ್ಲದ ವಿವರವನ್ನು ಯಾವ ಪೆಟ್ಟಿಗೆಯೂ ಹುಟ್ಟಿಸಲಾರದು.

ಅಷ್ಟರಲ್ಲಿ ಶೈಲಜಮ್ಮ ಪರದೆಗೆ ಬೆರಳಿಟ್ಟಿದ್ದರು. "ನೋಡಿ, ಗೋಪುರ! ಎಷ್ಟು ಸ್ಪಷ್ಟ ಇದೆ!"

ಅದೇ ಜಾಗದಲ್ಲಿ ಲಕ್ಷ್ಮೀದೇವಮ್ಮನಿಗೆ ರುದ್ರಾಕ್ಷಿ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಈಗಲೂ ರುದ್ರಾಕ್ಷಿಯೇ. "ನಿಂಗೇನೋ ಕಾಣ್ತಿದೆ?" ಎಂದು ಮಂಜುನಾಥನನ್ನು ಕೇಳಿದರು.

"ನಂಗೇನೂ ಕಾಣ್ತಿಲ್ಲ. ಬರೀ ಕೆಂಪು."

ಲೋಕವನ್ನೆಲ್ಲ ಅನುಮಾನಿಸಿದ್ದ ಲಕ್ಷ್ಮೀದೇವಮ್ಮ ತಮ್ಮ ಕಣ್ಣನ್ನು ಮೊದಲ ಸಲ ಅನುಮಾನಿಸಿದ್ದು ಆಗ. ಮನೆಯ ಬೀರುವಿನಲ್ಲಿ ಮಾರಾಟವಾಗದೆ ಉಳಿದಿದ್ದ ಗಂಟು ರುದ್ರಾಕ್ಷಿ ಅಂಚಿನದೇ. ಅದು ಖಾಲಿಯಾದರೆ ಸಾಕೆಂದು ದಿನವೂ ಅಂದುಕೊಳ್ಳುತ್ತಿದ್ದರು. ತಮಗೆ ರುದ್ರಾಕ್ಷಿ ಅಲ್ಲಿಂದ ಬಂದಿದ್ದರೆ, ಶೈಲಜಮ್ಮನಿಗೆ ಗೋಪುರ ಎಲ್ಲಿಂದ ಬಂತು?

"ಶೈಲಜಮ್ಮ, ನಿಮ್ಮನೇಲಿ ಯಾರ ಹತ್ರಾನಾದ್ರೂ ಗೋಪುರದ ಅಂಚಿನ ಸೀರೆ ಇತ್ತಾ?"

ಶೈಲಜಮ್ಮ ತಿರುಗಿದರು. "ನಮ್ಮಮ್ಮಂದಿತ್ತು. ನನ್ನ ಮದುವೇಲಿ ಉಟ್ಟಿದ್ರು. ಆಮೇಲೆ ಅತ್ತಿಗೆ ಪಾಲಿಗೆ ಹೋಯ್ತು. ಯಾಕೆ?"

"ಹಸಿರಾ?"

"ಹಸಿರೇ. ಎಲೆ ಹಸಿರಲ್ಲ, ಸ್ವಲ್ಪ ಕಪ್ಪು ತಿರುಗಿದ್ದು."

"ಸೆರಗು ಹೇಗಿತ್ತು? ಅದನ್ನ ಹೇಳಿ."

ಅಂಗಡಿಯವರ ಕುರ್ಚಿಯಲ್ಲೇ ಕುಳಿತು ಶೈಲಜಮ್ಮ ಹೇಳತೊಡಗಿದರು. ಧಾರಾವಾಹಿ ಮುಗಿದು ವಾರ್ತೆ ಶುರುವಾದರೂ ಸೆರಗು ಮುಗಿದಿರಲಿಲ್ಲ.

ಅಂಥದ್ದೇ ಸೀರೆಯನ್ನು ಚಿಕ್ಕಪೇಟೆಯ ಓಣಿಗಳಲ್ಲಿ ಹುಡುಕಲು ಲಕ್ಷ್ಮೀದೇವಮ್ಮನಿಗೆ ವಾರವೇ ಹಿಡಿಯಿತು. ಸೀರೆ ಬಿಚ್ಚಿದ ಕೂಡಲೇ ಶೈಲಜಮ್ಮ ಅಂಚನ್ನು ಕೆನ್ನೆಗೊತ್ತಿಕೊಂಡರು.

"ಇದೇ! ಸೀರಿಯಲ್ ಸೀರೇನೂ ಹೀಗೇ ಇರೋದು. ನಾನು ಹೇಳ್ಲಿಲ್ವಾ?"

"ನಿಮ್ಮ ಕಣ್ಣು ಚುರುಕು ಶೈಲಜಮ್ಮ. ಬೀಗರ ಕಡೆಯೋರಿಗೆ ಏನೇನು ಬೇಕು, ಹೇಳಿ ಈಗ."

ಹೊಸ ಪೆಟ್ಟಿಗೆ ಬೇಡವೆಂದು ಮಂಜುನಾಥನಿಗೆ ಲಕ್ಷ್ಮೀದೇವಮ್ಮನೇ ಫೋನ್ ಮಾಡಿದರು.

"ಈಗ ಬೇಡ, ಸರಿ. ಕನ್ನಡ ಚಾನೆಲ್ ಎಚ್‌ಡಿ ಆದ್ಮೇಲೆ ಹೇಳ್ಲಾ ದೊಡ್ಡಮ್ಮ?"

"ನಂಗೆ ಹೇಳು. ಈ ಬೀದೀಲಿ ಇನ್ಯಾರಿಗೂ ಹೇಳ್ಬೇಡ. ಅವರ ಟೀವಿ ಮಸುಕಾಗೇ ಇರ್ಲಿ."